ಜಿಂಕೆ ಹಚ್ಚಿದ ಕಾರು

ಹೊಸಪೇಟೆಯ ಆ ಗೋದಾಮಿನ ಬಾಗಿಲು ತೆಗೆದಾಗ ಮೊದಲು ಬಂದದ್ದು ಬೆಲ್ಲದ ವಾಸನೆ. ಬೆಲ್ಲದ ವ್ಯಾಪಾರ ನಿಂತು ವರ್ಷಗಳೇ ಆಗಿದ್ದರೂ ಗೋಡೆಗಳು ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಗೋಣಿಚೀಲಗಳ ರಾಶಿಯ ಹಿಂದೆ, ಇಲಿ ಕಡಿದ ತಾಡಪಾಲಿನ ಕೆಳಗೆ, ಹದಿನೇಳೂವರೆ ಅಡಿ ಉದ್ದದ ಒಂದು ಕಾರು ನಿಂತಿತ್ತು. ನಾಲ್ಕೂ ಟೈರುಗಳು ನೆಲಕ್ಕೆ ಅಂಟಿ ಚಪ್ಪಟೆಯಾಗಿದ್ದವು. ಮೈಮೇಲೆ ಮೂರು ಬಣ್ಣ: ಮೇಲಿನದು ಬಿಳಿ, ಅದು ಉದುರಿದಲ್ಲಿ ಕಡುಹಸಿರು, ಹಸಿರು ಉದುರಿದಲ್ಲಿ ತಿಳಿನೀಲಿ.

ಕಂಪ್ಲಿಯ ನನ್ನ ಗೆಳತಿ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದಳು. ಕಾರು ಅವಳ ದೊಡ್ಡಪ್ಪನದು. ತಿಂಗಳೊಳಗೆ ಗೋದಾಮು ಖಾಲಿಯಾಗಬೇಕಿತ್ತು, ಆ ಜಾಗದಲ್ಲಿ ಅವರ ಮಗ ಹಂಪಿ ನೋಡಲು ಬರುವವರಿಗಾಗಿ ಲಾಡ್ಜ್ ಕಟ್ಟುವವನಿದ್ದ. ಗುಜರಿಯವನು ತೂಕದ ಲೆಕ್ಕದಲ್ಲಿ ನಲವತ್ತು ಸಾವಿರ ಹೇಳಿದ್ದ. ಬೆಂಗಳೂರಿನ ಒಬ್ಬ ದಲ್ಲಾಳಿ ಫೋಟೋ ನೋಡಿ ಮೂರು ಲಕ್ಷ ಎಂದಿದ್ದ. ಆಮೇಲೆ ಅವನೇ ಒಂದು ಮಾತು ಸೇರಿಸಿದ್ದ: ಇದು ಸಂಸ್ಥಾನದ ಕಾರು ಎಂದು ಯಾರಾದರೂ ಓದಿದವರು ಬರೆದುಕೊಟ್ಟರೆ ಒಂಬತ್ತು ಲಕ್ಷ.

ಓದಿದವಳೆಂದರೆ ನಾನು. ಹಂಪಿಯ ಸ್ಮಾರಕಗಳ ಸಂರಕ್ಷಣೆಯ ಚರಿತ್ರೆ ನನ್ನ ಪಿಎಚ್‌ಡಿ ವಿಷಯ. ಕಾರಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ, ಡ್ರೈವಿಂಗ್ ಕೂಡ ಬರುವುದಿಲ್ಲ. ‘ನಿನಗ ಹಳೇದು ಓದೋದು ಬರ್ತದಲ್ಲವ್ವಾ, ಇದನ್ನೂ ಓದಿ ಹೇಳು’ ಎಂದರು ದೊಡ್ಡಪ್ಪ. ಆ ಮಾತಿಗೆ ಸೋತೆ.

ನಮ್ಮ ಕಡೆ ಹಳೆಯ ದೊಡ್ಡ ಕಾರು ಎಲ್ಲಿ ಕಂಡರೂ ಅದಕ್ಕೆ ಎರಡೇ ಮೂಲ. ಒಂದೋ ಅದು ಸಂಡೂರು ರಾಜರದ್ದು, ಇಲ್ಲವೇ ತುಂಗಭದ್ರಾ ಡ್ಯಾಂ ಕಟ್ಟಿದ ಎಂಜಿನಿಯರರದ್ದು. ಈ ಕಾರಿಗೂ ಎರಡೂ ಕತೆ ಇದ್ದವು, ಹೇಳುವವರ ಮೇಲೆ ಕತೆ ಬದಲಾಗುತ್ತಿತ್ತು. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಮ್ಮತದಲ್ಲಿದ್ದರು: ಇದು ಇಂಪಾಲಾ. ಬದಿಯಲ್ಲಿ ನೆಗೆಯುವ ಜಿಂಕೆಯ ಲಾಂಛನ ಇತ್ತಲ್ಲ! ಹಿಂದಿ ಸಿನಿಮಾದ ಶ್ರೀಮಂತರೆಲ್ಲ ಇಳಿಯುತ್ತಿದ್ದುದು ಅದರಿಂದಲೇ ಎಂದು ದೊಡ್ಡಪ್ಪ ಈಗಲೂ ಕಣ್ಣರಳಿಸಿ ಹೇಳುತ್ತಾರೆ.

ಶಾಸನ ಓದುವವರು ಮೊದಲು ಕಲ್ಲಿನ ಎಲ್ಲ ಮುಖಗಳನ್ನೂ ನೋಡುತ್ತಾರೆ. ನಾನೂ ಹಾಗೇ ಸುತ್ತು ಹಾಕಿದೆ. ಸ್ಟೀರಿಂಗ್ ಎಡಗಡೆಗಿತ್ತು. ಹಿಂದೆ ದುಂಡನೆಯ ದೀಪಗಳು, ಒಂದೊಂದು ಬದಿಗೆ ಎರಡೆರಡು. ಎಡ ಮುಂಬಾಗಿಲು ತೆಗೆದು ಕೀಲಿರುವ ಕಂಬವನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಒಂದು ಸಣ್ಣ ಲೋಹದ ಪಟ್ಟಿ ಸಿಕ್ಕಿತು. ಅದರ ಮೇಲೆ ಮೊದಲು 3, ಆಮೇಲೆ 16, ಆಮೇಲೆ 69, ನಂತರ ಜೆ ಅಕ್ಷರ, ಕೊನೆಗೆ ಆರಂಕಿಯ ಕ್ರಮಸಂಖ್ಯೆ. ಆ ಕಾಲದ ಷೆವ್ರೊಲೆ ಕಾರುಗಳ ಸಂಖ್ಯೆಯನ್ನು ಬಿಡಿಸುವುದು ಕಷ್ಟವಲ್ಲ. ಮೊದಲ 3 ಎಂದರೆ 1963ರ ಮಾದರಿ. 69 ಎಂದರೆ ನಾಲ್ಕು ಬಾಗಿಲಿನ ಸೆಡಾನ್. ಜೆ ಎಂದರೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್ ಕಾರ್ಖಾನೆ. ನಡುವಿನ 16 ಮುಖ್ಯ. ವಿ8 ಎಂಜಿನ್ನಿನ ಇಂಪಾಲಾ ಆಗಿದ್ದರೆ ಅಲ್ಲಿ 18 ಇರಬೇಕಿತ್ತು. 16 ಎಂದರೆ ಬೆಲ್ ಏರ್, ಅದೂ ವಿ8. ದೀಪಗಳೂ ಅದನ್ನೇ ಹೇಳುತ್ತಿದ್ದವು: ಆ ವರ್ಷದ ಇಂಪಾಲಾಗೆ ಬದಿಗೆ ಮೂರು ದೀಪ, ಬೆಲ್ ಏರ್‌ಗೆ ಎರಡು.

ಅಂದರೆ ಜಿಂಕೆ ಸುಳ್ಳು. ಡ್ಯಾಮಿನ ಕತೆಯೂ ಸುಳ್ಳು, ಡ್ಯಾಂ ಮುಗಿದು ಹತ್ತು ವರ್ಷದ ಮೇಲೆ ಹುಟ್ಟಿದ ಕಾರು ಇದು. ಸಂಡೂರು ಸಂಸ್ಥಾನವಂತೂ 1949ರಲ್ಲೇ ವಿಲೀನವಾಗಿತ್ತು. ಆ ಮೇಲೂ ರಾಜಮನೆತನದವರು ಕಾರು ಕೊಳ್ಳಬಾರದೆಂದೇನಿಲ್ಲ. ಆದರೆ ದೊಡ್ಡಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ನೋಂದಣಿ ಪುಸ್ತಕದಲ್ಲಿ ಅಂಥ ಹೆಸರು ಇರಲಿಲ್ಲ. ಅದರ ಪ್ರಕಾರ ಕಾರಿನ ಮೊದಲ ನೋಂದಣಿ ದೆಹಲಿಯಲ್ಲಿ, 1967ರಲ್ಲಿ. ಆಮೇಲೆ ಬೆಂಗಳೂರಿನ ಒಬ್ಬ ಗುತ್ತಿಗೆದಾರ. 1974ರಲ್ಲಿ ಹೊಸಪೇಟೆಯ ಬೆಲ್ಲದ ವ್ಯಾಪಾರಿ, ಅಂದರೆ ದೊಡ್ಡಪ್ಪನ ತಂದೆ. 1963ರ ಕಾರು 1967ರಲ್ಲಿ ದೆಹಲಿಯಲ್ಲಿ ಮೊದಲ ಬಾರಿ ನೋಂದಣಿಯಾಗುವುದೇಕೆ ಎಂಬುದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜನರಲ್ ಮೋಟಾರ್ಸ್ ಕಂಪನಿ 1928ರಲ್ಲೇ ಮುಂಬೈಯ ಸೆವ್ರಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆದಿತ್ತು. ಬಿಡಿಭಾಗಗಳು ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿ ಕೂಡಿಸಿ ಮಾರುತ್ತಿದ್ದರು. ಸ್ವಾತಂತ್ರ್ಯದ ನಂತರ ಸರ್ಕಾರ ಅದನ್ನು ಒಪ್ಪಲಿಲ್ಲ. ಬರಿ ಜೋಡಿಸುವವರು ಬೇಡ, ಭಾಗಗಳನ್ನೂ ಇಲ್ಲೇ ತಯಾರಿಸುವವರು ಮಾತ್ರ ಉಳಿಯಲಿ ಎಂಬ ಸುಂಕ ಆಯೋಗದ 1953ರ ನಿಲುವಿನ ಬಳಿಕ ಜನರಲ್ ಮೋಟಾರ್ಸ್ 1954ರಲ್ಲಿ ಬಾಗಿಲು ಹಾಕಿತು. ಮುಂದೆ ಮೂರು ದಶಕ ಭಾರತದ ರಸ್ತೆ ಎಂದರೆ ಅಂಬಾಸಡರ್, ಫಿಯಾಟ್, ಸ್ಟ್ಯಾಂಡರ್ಡ್. ಹಣವಿದ್ದರೂ ಹೊರಗಿನ ಹೊಸ ಕಾರು ಸಾಮಾನ್ಯರಿಗೆ ಸಿಗುತ್ತಿರಲಿಲ್ಲ. ರಾಯಭಾರ ಕಚೇರಿಗಳು, ವಿದೇಶಿ ತಜ್ಞರು ತಮ್ಮ ಬಳಕೆಗೆಂದು ತಂದ ಕಾರುಗಳು ಮಾತ್ರ ಬರುತ್ತಿದ್ದವು. ಅವರು ದೇಶ ಬಿಡುವಾಗ ಆ ಕಾರುಗಳನ್ನು 1956ರಲ್ಲಿ ಸ್ಥಾಪನೆಯಾಗಿದ್ದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿತ್ತು. ಎಡಗಡೆ ಸ್ಟೀರಿಂಗು, ನಾಲ್ಕು ವರ್ಷದ ಅಂತರ, ದೆಹಲಿಯ ಮೊದಲ ಮುದ್ರೆ, ಈ ಮೂರನ್ನೂ ಕೂಡಿಸಿದರೆ ನಮ್ಮ ಬೆಲ್ ಏರ್ ಅದೇ ದಾರಿಯಲ್ಲಿ ಬಂದಿರಬೇಕು. ರಾಜರಿಲ್ಲ, ರಾಣಿಯರಿಲ್ಲ. ವರ್ಗವಾಗಿ ಹೋದ ಯಾವನೋ ಅಧಿಕಾರಿ.

ಅಂಬಾಸಡರಿನ ಎಂಜಿನ್ ಸುಮಾರು ಒಂದೂವರೆ ಲೀಟರಿನದು. ಈ ಬೆಲ್ ಏರ್ ಜೇನ್ಸ್‌ವಿಲ್ಲಿನಿಂದ ಹೊರಟಾಗ ಅದರ ಮೂಗಿನಲ್ಲಿ ಇದ್ದಿರಬಹುದಾದ ಸಾಧಾರಣ ವಿ8 ಎಂಜಿನ್ನೇ 283 ಘನ ಅಂಗುಲದ್ದು, ಅಂದರೆ 4.6 ಲೀಟರ್, 195 ಅಶ್ವಶಕ್ತಿ. ಅದೇ ಮೈಯಲ್ಲಿ, ಅದೇ ವರ್ಷ, 409 ಘನ ಅಂಗುಲದ ರೇಸಿನ ಎಂಜಿನ್ನನ್ನೂ ಹಾಕಿಸಿಕೊಳ್ಳಬಹುದಿತ್ತು. ಮರುವರ್ಷ, 1964ರಲ್ಲಿ, ಪಾಂಟಿಯಾಕ್ ಕಂಪನಿ ನಡುಗಾತ್ರದ ಕಾರಿಗೆ ದೊಡ್ಡ ಎಂಜಿನ್ ತುರುಕಿ ಜಿಟಿಒ ಎಂಬ ಹೆಸರಿನಲ್ಲಿ ಮಾರತೊಡಗಿತು. ಅಲ್ಲಿಂದ ‘ಮಸಲ್ ಕಾರ್’ ಎಂಬ ಜಾತಿಯೇ ಹುಟ್ಟಿತು. ನಮ್ಮದು ಆ ಜಾತಿಗೆ ಅಕ್ಕನ ವರಸೆ.

ಬಾನೆಟ್ ಎತ್ತಿದಾಗ ಒಳಗೆ ವಿ8 ಇರಲಿಲ್ಲ. ಆ ದೊಡ್ಡ ಹೊಂಡದ ನಡುವೆ ಟ್ರ್ಯಾಕ್ಟರಿನಂಥ ಒಂದು ಎಂಜಿನ್ ನೆಟ್ಟಗೆ ಕೂತಿತ್ತು, ಸುತ್ತ ಕೈಯಾಡಿಸುವಷ್ಟು ಜಾಗ.

‘ಅದನ್ನ ಕೂಡಿಸಿದವರು ಇನ್ನೂ ಅದಾರ’ ಎಂದರು ದೊಡ್ಡಪ್ಪ.

ಚಾಚಾಗೆ ಎಪ್ಪತ್ತು ದಾಟಿದೆ. ಹೊಸಪೇಟೆಯಲ್ಲಿ ಲಾರಿ ರಿಪೇರಿ ಮಾಡುತ್ತ ಬೆಳೆದವರು. ಗ್ಯಾರೇಜನ್ನು ಈಗ ಮಗ ನೋಡುತ್ತಾನೆ, ಇವರು ಬಾಗಿಲ ಬಳಿ ಕುರ್ಚಿ ಹಾಕಿ ಕೂರುತ್ತಾರೆ. ನಾನು ಇಂಪಾಲಾ ಎಂದು ಬಾಯಿ ತೆಗೆಯುವಷ್ಟರಲ್ಲಿ ನಕ್ಕರು.

‘ಇಂಪಾಲಾ ಅಲ್ಲಮ್ಮ ಅದು. ಜಿಂಕಿ ನಾನೇ ಹಚ್ಚೀನಿ. ಬೆಂಗಳೂರಾಗ ಶಿವಾಜಿನಗರದ ಗುಜರಿಯಿಂದ ಸಾಹುಕಾರ್ರು ತಂದುಕೊಟ್ರು, ಎರಡು ತೂತು ಕೊರೆದು ಸ್ಕ್ರೂ ಹಾಕಿದೆ.’

ದಲ್ಲಾಳಿ ನನ್ನಿಂದ ಬಯಸಿದ ಕೆಲಸವನ್ನು ಅರ್ಧ ಶತಮಾನದ ಹಿಂದೆಯೇ ಒಬ್ಬರು ಎರಡು ಸ್ಕ್ರೂಗಳಲ್ಲಿ ಮುಗಿಸಿದ್ದರು!

ಎಂಜಿನ್ನಿನ ಕತೆ ಉದ್ದ. ಪೆಟ್ರೋಲಿನ ಮೇಲೆ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡುತ್ತಿದ್ದ ಕಾರು ಅದು. 1973ರ ತೈಲ ಬಿಕ್ಕಟ್ಟಿನ ನಂತರ ಅಂಥ ಕಾರುಗಳು ಮಾಲೀಕರಿಗೆ ಭಾರವಾದವು. ಬೆಂಗಳೂರಿನ ಗುತ್ತಿಗೆದಾರ ಇದನ್ನು ಮಾರಿದ್ದೂ, ಒಬ್ಬ ಬೆಲ್ಲದ ವ್ಯಾಪಾರಿಗೆ ಇದನ್ನು ಕೊಳ್ಳಲು ಸಾಧ್ಯವಾದದ್ದೂ ಆ ಕಾರಣಕ್ಕೇ ಇರಬೇಕು. ಕೊಂಡವರು ಓಡಿಸುವುದು ಹೇಗೆ? ದೇಶದ ತುಂಬ ಆಗ ಜನ ಕಂಡುಕೊಂಡ ಉಪಾಯ ಒಂದೇ, ಡೀಸೆಲ್. ಪರ್ಕಿನ್ಸ್ ಎಂಬ ಬ್ರಿಟಿಷ್ ಕಂಪನಿಯ ಎಂಜಿನ್ನುಗಳನ್ನು ಮದ್ರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿತ್ತು. ಲಾರಿಗೆ, ಟ್ರ್ಯಾಕ್ಟರಿಗೆ, ಪಂಪಿಗೆ ಹಾಕುತ್ತಿದ್ದ ಅವು ದೇಶದ ಎಷ್ಟೋ ಡಾಡ್ಜ್, ಪ್ಲಿಮತ್, ಷೆವ್ರೊಲೆಗಳ ಹೊಟ್ಟೆಯನ್ನೂ ಸೇರಿದವು. ಕಾಲುವೆ ನೀರು ಬಂದು ಭತ್ತ, ಕಬ್ಬು ಹಬ್ಬಿದ ಹೊಸಪೇಟೆ–ಕಂಪ್ಲಿ ಸೀಮೆಯಲ್ಲಿ ಟ್ರ್ಯಾಕ್ಟರ್ ಅಂಗಡಿಗಳಿಗೆ ಬರವಿರಲಿಲ್ಲ. ಬಿಡಿಭಾಗ ಬೀದಿಯಲ್ಲೇ ಸಿಗುತ್ತಿತ್ತು.

ಆದರೆ ಟ್ರ್ಯಾಕ್ಟರಿನ ಎಂಜಿನ್ನನ್ನು ಅಮೆರಿಕದ ಗೇರುಪೆಟ್ಟಿಗೆಗೆ ಕೂಡಿಸುವುದು ಸುಲಭವಲ್ಲ. ಎರಡರ ಬೋಲ್ಟಿನ ತೂತುಗಳು ಒಂದಕ್ಕೊಂದು ಹೊಂದುವುದಿಲ್ಲ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದನ್ನು ಲೇತಿನವನಿಗೆ ಕೊಟ್ಟು, ದಪ್ಪ ಉಕ್ಕಿನ ತಟ್ಟೆಯೊಂದನ್ನು ಮಾಡಿಸಿ ಎರಡರ ನಡುವೆ ಕೂಡಿಸಿದರಂತೆ. ಮೂರು ತಟ್ಟೆ ಹಾಳಾಗಿ ನಾಲ್ಕನೆಯದು ಕೂತಿತು. ಎಂಜಿನ್ ಹೊರಲು ಚಾಸಿಗೆ ಅಡ್ಡಪಟ್ಟಿ ಬೆಸೆದರು. ಮೊದಲ ದಿನ ಸ್ಟಾರ್ಟ್ ಮಾಡಿದಾಗ ನಡುಕಕ್ಕೆ ಬಾಗಿಲುಗಳು ತಾವೇ ತೆರೆದುಕೊಂಡವಂತೆ. ಕೊನೆಗೆ ಗಣಿಯಲ್ಲಿ ಅದಿರು ಸಾಗಿಸುವ ಕನ್ವೇಯರ್ ಬೆಲ್ಟಿನ ಹಳೆಯ ರಬ್ಬರು ತಂದು, ಎಂಜಿನ್ನಿನ ಕಾಲುಗಳ ಕೆಳಗೆ ಪದರ ಪದರವಾಗಿ ಇಟ್ಟರು. ಟಾರ್ಚು ಹಿಡಿದು ಕೆಳಗೆ ತೂರಿ ನೋಡಿದೆ. ಆ ರಬ್ಬರು ಅಲ್ಲೇ ಇದೆ, ಅದರ ಅಂಚಿನ ನೂಲು ಹೊರಗೆ ಇಣುಕುತ್ತಿದೆ.

ಅಲ್ಲಿಂದ ಮೂವತ್ತು ವರ್ಷ ಆ ಕಾರು ಈ ಸೀಮೆಯಲ್ಲಿ ಮಾಡದ ಕೆಲಸವಿಲ್ಲ. ಮದುವೆಗೆ ಮದುಮಕ್ಕಳನ್ನು ಹೊತ್ತಿದೆ. ಹಿಂದಿನ ಸೀಟಿನ ಸಂದಿಯಲ್ಲಿ ಅಕ್ಷತೆ ಕಾಳು ಈಗಲೂ ಸಿಗುತ್ತವೆ. ಚುನಾವಣೆಯಲ್ಲಿ ಮೈಕು ಹೊತ್ತಿದೆ. ನೆತ್ತಿಯ ಮೇಲೆ ಅದರ ನಾಲ್ಕು ತೂತುಗಳಿವೆ. ಫಾರಿನ್ನಿನವರನ್ನು ಕಮಲಾಪುರ, ಹಂಪಿ ಸುತ್ತಿಸಿದೆ, ಸ್ಟೀರಿಂಗು ಎಡಕ್ಕಿರುವ ಕಾರನ್ನು ಕಂಡು ಅವರಲ್ಲಿ ಕೆಲವರು ‘ನಾವೇ ಓಡಿಸ್ತೀವಿ’ ಅಂದರಂತೆ. ಇಲ್ಲಿನ ಡ್ರೈವರಿಗೆ ಮಾತ್ರ ಎದುರಿನ ಗಾಡಿ ಕಾಣದು, ಬಲಗಡೆ ಕೂತವನು ‘ಹೋಗು’ ಅಂದರೆ ಹೋಗಬೇಕು. ಎರಡು ಸಾವಿರದ ದಶಕದಲ್ಲಿ ಅದಿರಿಗೆ ಬೆಲೆ ಬಂದು ಊರಿನ ರಸ್ತೆಗಳು ಕೆಂಪಾದಾಗ ಮನೆಗೆ ಹೊಸ ಕಾರುಗಳು ಬಂದವು, ಇದು ಗೋದಾಮು ಸೇರಿತು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಹೊಸ ಕಾರುಗಳು ಒಂದೊಂದಾಗಿ ಮಾರಾಟವಾದವು. ಇದನ್ನು ಮಾತ್ರ ಯಾರೂ ಕೇಳಲಿಲ್ಲ.

ನಾನು ದಲ್ಲಾಳಿಯ ಜೊತೆ ಫೋನಿನಲ್ಲಿ ಮಾತಾಡಿದೆ. ಸಭ್ಯ ಮನುಷ್ಯ, ತನ್ನ ಕೆಲಸ ಬಲ್ಲವನು. ಬೆಲ್ ಏರ್ ಎಂದಾಗ ಅವನಿಗೆ ಬೇಸರವಾಗಲಿಲ್ಲ. ‘ಜಿಂಕೆ ತೆಗೆದರೆ ಆಯ್ತು ಮೇಡಂ. ಡೀಸೆಲ್ ಕಿತ್ತು ವಿ8 ತರಿಸಿ ಕೂರಿಸ್ತೀವಿ. ಮೂಲ ರೂಪಕ್ಕೆ ಬಂದ ಮೇಲೆ ಇದಕ್ಕೊಂದು ಕತೆ ಬೇಕಲ್ಲ, ಅದನ್ನ ನೀವು ಕೊಡಿ.’ ಆ ಕತೆಗೆ ನನ್ನ ಒಂದು ತಿಂಗಳ ಫೆಲೋಶಿಪ್ಪಿಗಿಂತ ಹೆಚ್ಚಿನ ಮೊತ್ತವನ್ನು ಹೆಸರಿಸಿದ. ಹಣ ಬೇಡ ಎನ್ನುವಷ್ಟು ಸ್ಥಿತಿವಂತಳಲ್ಲ ನಾನು. ಎರಡು ದಿನ ಸುಮ್ಮನಿದ್ದೆ. ಆರು ಲಕ್ಷದ ವ್ಯತ್ಯಾಸ ದೊಡ್ಡಪ್ಪನ ಮನೆಗೂ ಸಣ್ಣದಾಗಿರಲಿಲ್ಲ.

ಅವನ ಮಾತಿನಲ್ಲಿ ನನಗೆ ಚುಚ್ಚಿದ್ದು ಹಣವಲ್ಲ, ‘ಮೂಲ ರೂಪ’ ಎಂಬ ಪದ. ಅದು ನಾನು ದಿನಾ ಕಡತಗಳಲ್ಲಿ ಓದುವ ಪದ. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ತೇರನ್ನೇ ನೋಡಿ. ಐವತ್ತು ರೂಪಾಯಿ ನೋಟಿನ ಮೇಲೆ ಅಚ್ಚಾದ ಆ ತೇರನ್ನು ನಾವೆಲ್ಲ ಮೂಲ ಎಂದೇ ನಂಬಿದ್ದೇವೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ ಚಿತ್ರಗಳಲ್ಲಿ ಆ ತೇರಿನ ಮೇಲೆ ಇಟ್ಟಿಗೆಯ ಗೋಪುರವಿದೆ. ಈಗ ಅದಿಲ್ಲ. ತೇರನ್ನು ಎಳೆಯುವಂತೆ ಮುಂದೆ ನಿಂತಿರುವ ಎರಡು ಆನೆಗಳೂ ಮೊದಲಿನವಲ್ಲ, ಅವುಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು, ಬಾಲದ ಕೆತ್ತನೆ ಕಾಣುತ್ತದೆ. ಯಾರೋ, ಯಾವಾಗಲೋ, ಹಾಳಾದ ಕುದುರೆಗಳ ಜಾಗಕ್ಕೆ ಬೇರೆಡೆಯ ಆನೆಗಳನ್ನು ತಂದಿಟ್ಟರು. ಹಿಂದೆ ತಿರುಗುತ್ತಿದ್ದ ಚಕ್ರಗಳು ಸವೆಯದಿರಲೆಂದು ಸಿಮೆಂಟು ಹಾಕಿ ನಿಲ್ಲಿಸಿದರು. ಆ ಆನೆಗಳನ್ನು ತೆಗೆದು ಹೊಸ ಕುದುರೆ ಕೆತ್ತಿಸಿ ನಿಲ್ಲಿಸೋಣ ಎಂದು ಇವತ್ತು ಯಾರಾದರೂ ಅಂದರೆ ನಾವು ಒಪ್ಪುತ್ತೇವೆಯೆ?

ತೇರಿನ ವಿಷಯದಲ್ಲಿ ಒಪ್ಪದವರು ಜನರ ವಿಷಯದಲ್ಲಿ ಒಪ್ಪಿದ್ದೇವೆ. ಗಣಿ ನಿಂತ 2011ರ ಆ ಜುಲೈ ತಿಂಗಳಿನಲ್ಲೇ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದರು. ಹಳೆಯ ಕಲ್ಲಿನ ಸಾಲುಮಂಟಪಗಳಲ್ಲಿ ಗೋಡೆ ಎಬ್ಬಿಸಿಕೊಂಡು, ಸುಣ್ಣ ಬಳಿದು, ಅಡುಗೆ ಮಾಡಿಕೊಂಡಿದ್ದ ಕುಟುಂಬಗಳು ಕಡ್ಡಿರಾಂಪುರದ ಕಡೆ ಹೋಗಬೇಕಾಯಿತು. ಆ ಗೋಡೆಗಳಿಂದ ಕಲ್ಲಿಗೆ ಹಾನಿಯಾಗಿತ್ತು ಎಂಬುದೂ ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಜಾರನ್ನು ಬಜಾರಾಗಿ ಉಳಿಸಿದ್ದು ಕೊಳ್ಳುವ ಮಾರುವ ಜನರೇ ಹೊರತು ಬರಿಯ ಕಂಬಗಳಲ್ಲ. ಈಗ ಅಲ್ಲಿ ಕಂಬಗಳು ಚೆನ್ನಾಗಿ ಕಾಣುತ್ತವೆ.

ಕಾರಿನ ಮಟ್ಟಿಗೆ ಮೂಲ ರೂಪ ಎಂಬುದು ಕಾನೂನಿನ ಮಾತೂ ಹೌದು. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ಐವತ್ತು ವರ್ಷ ದಾಟಿದ ಕಾರು, ಬೈಕುಗಳಿಗೆ ‘ವಿಎ’ ಅಕ್ಷರಗಳಿರುವ ಫಲಕ, ಮೊದಲ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000. ಷರತ್ತು ಒಂದೇ: ವಾಹನ ತನ್ನ ಮೂಲ ರೂಪದಲ್ಲಿರಬೇಕು, ಚಾಸಿ, ಮೈ, ಎಂಜಿನ್ ಬದಲಾಗಿರಬಾರದು. ಜಾಣ್ಮೆಯ ನಿಯಮವೇ. ಅದಿಲ್ಲದಿದ್ದರೆ ಯಾರು ಬೇಕಾದರೂ ಹಳೆಯ ಮೈಗೆ ಹೊಸ ಎಂಜಿನ್ ಹಾಕಿ ಪಾರಂಪರಿಕ ಎನ್ನಬಹುದು. ಆದರೆ ಆ ನಿಯಮದ ಕಣ್ಣಿಗೆ ನಮ್ಮ ಬೆಲ್ ಏರ್ ಏನೂ ಅಲ್ಲ. ಚಾಸಿಗೆ ಅಡ್ಡಪಟ್ಟಿ, ನೆತ್ತಿಗೆ ತೂತು, ಎಂಜಿನ್ ಬೇರೆ. ಮೂರರಲ್ಲೂ ನಪಾಸು.

ನನ್ನ ಲೆಕ್ಕ ಬೇರೆ. ಷೆವ್ರೊಲೆಯ ಆ ಕುಟುಂಬದ ವಿ8 ಎಂಜಿನ್ನುಗಳು 1955ರಿಂದ ತಯಾರಾಗುತ್ತಿವೆ. 2011ರಲ್ಲಿ ಕಂಪನಿ ಅದರ ಹತ್ತು ಕೋಟಿಯನೆಯ ಎಂಜಿನ್ ಹೊರತಂದಿತು. ಜಗತ್ತಿನಲ್ಲಿ ಅತಿ ಸುಲಭವಾಗಿ ಸಿಗುವ ವಿ8 ಅದು. ಆದರೆ ರಟ್ಟಿನ ಅಚ್ಚಿನಿಂದ ಹುಟ್ಟಿದ ಆ ನಾಲ್ಕನೆಯ ಉಕ್ಕಿನ ತಟ್ಟೆ, ಗಣಿಯ ರಬ್ಬರಿನ ಮೇಲೆ ಕೂತ ಆ ಎಂಜಿನ್, ಲೋಕದಲ್ಲಿ ಒಂದೇ ಇದೆ. ಅದನ್ನು ಕಿತ್ತು ಗುಜರಿಗೆ ಹಾಕಿದರೆ 1963ರ ಜೇನ್ಸ್‌ವಿಲ್ ಮರಳಿ ಬರುವುದಿಲ್ಲ, ಹೊಸಪೇಟೆಯ ಎಪ್ಪತ್ತರ ದಶಕ ಮಾತ್ರ ಹೋಗುತ್ತದೆ.

ಇಷ್ಟನ್ನೂ ಉತ್ಸಾಹದಿಂದ ಚಾಚಾಗೆ ಹೇಳಿದೆ. ಅವರು ಸುಮ್ಮನೆ ಕೇಳಿದರು. ಆಮೇಲೆ ಒಳಗೆ ಹೋಗಿ ನಟ್ಟು ಬೋಲ್ಟು ತುಂಬಿದ ಒಂದು ಉದ್ದನೆಯ ತಗಡಿನ ತಟ್ಟೆ ತಂದರು. ಖಾಲಿ ಮಾಡಿ ಬೋರಲು ಹಾಕಿದಾಗ ಗೊತ್ತಾಯಿತು, ಅದು ತಟ್ಟೆಯಲ್ಲ, ಆ ಹಳೆಯ ವಿ8ರ ವಾಲ್ವ್ ಮುಚ್ಚಳ. ಷೆವ್ರೊಲೆ ಎಂಬ ಹೆಸರು ಓರೆಯ ಅಕ್ಷರಗಳಲ್ಲಿ ಅದರ ಮೇಲೆ ಎದ್ದು ನಿಂತಿತ್ತು. ಉಳಿದ ಎಂಜಿನ್ ತೂಕಕ್ಕೆ ಹೋಗಿತ್ತು, ಇದೊಂದನ್ನು ಅವರು ಇಟ್ಟುಕೊಂಡಿದ್ದರು.

‘ನೀನು ಅದರ ಸೌಂಡ್ ಕೇಳಿಲ್ಲಮ್ಮ. ಕಿತ್ತಿಟ್ಟ ರಾತ್ರಿ ನನಗ ಊಟ ಸೇರಲಿಲ್ಲ. ಸಾಹುಕಾರ್ರಿಗೆ ಎಣ್ಣಿ ರೊಕ್ಕ ಉಳೀತು, ಖರೆ. ಹುಲಿಗೆ ಹುಲ್ಲು ಹಾಕಿದಂಗಾತು. ಅವರು ವಿ8 ಹಾಕ್ತೀನಂದ್ರ ಹಾಕಲಿ ಬಿಡು.’

ನನ್ನ ವಾದದ ನಾಯಕನೇ ಎದುರು ಪಕ್ಷದಲ್ಲಿದ್ದ. ಬಜಾರಿನ ಕೆಲವು ಹಿರಿಯರೂ ಹೀಗೇ ನನ್ನ ಅಧ್ಯಾಯಗಳನ್ನು ಕೆಡಿಸಿದ್ದಾರೆ: ಮಂಟಪದೊಳಗಿನ ಬದುಕಿನ ಬಗ್ಗೆ ನಾನು ಆರ್ದ್ರಳಾಗಿ ಕೇಳಿದರೆ, ಮಳೆಗೆ ಸೋರುತ್ತಿತ್ತು, ಕಕ್ಕಸು ಇರಲಿಲ್ಲ ಎನ್ನುತ್ತಾರೆ. ಬೇರೆಯವರ ಕಷ್ಟದ ಜೋಡಣೆಯನ್ನು ಪರಂಪರೆ ಎಂದು ಮೆಚ್ಚಿಕೊಳ್ಳುವುದು ಓದಿದವರಿಗೆ ಸುಲಭ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆದರೂ ಟಿಪ್ಪಣಿ ಬರೆಯುವುದು ಬಾಕಿ ಇತ್ತು. ಎರಡು ಪುಟ ಬರೆದೆ. 1963, ಬೆಲ್ ಏರ್, ಜೇನ್ಸ್‌ವಿಲ್, ದೆಹಲಿ, ಬೆಂಗಳೂರು, ಹೊಸಪೇಟೆ. ಜಿಂಕೆ ಎಲ್ಲಿಯದು, ಎಂಜಿನ್ ಎಲ್ಲಿಯದು, ತೂತುಗಳು ಯಾತಕ್ಕೆ. ಸಂಸ್ಥಾನದ ಮಾತಿಲ್ಲ. ದೊಡ್ಡಪ್ಪನಿಗೆ ಓದಿ ಹೇಳಿ, ನಿಮಗೆ ಆರು ಲಕ್ಷ ಕಳೆದೆ ಎಂದೆ.

ಅವರು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಕೂತರು. ‘ಸುಳ್ಳು ಹಚ್ಚಿದ್ದು ಅಪ್ಪ ಒಬ್ಬರೇ ಸಾಕು’ ಎಂದರು. ಮಗನಿಗೆ ಸಿಟ್ಟು ಬಂತು, ಅವನು ನನ್ನ ಜೊತೆ ಈಗಲೂ ನೆಟ್ಟಗೆ ಮಾತಾಡುವುದಿಲ್ಲ. ಅವನ ಸಿಟ್ಟಿನಲ್ಲಿ ತಪ್ಪಿಲ್ಲ.

ದಲ್ಲಾಳಿ ಮೂರು ಲಕ್ಷದ ಮಾತಿಗೆ ಬದ್ಧನಾಗಿಯೇ ಇದ್ದ. ದೊಡ್ಡಪ್ಪ ಕೊಡಲಿಲ್ಲ, ಕಾರಣವನ್ನೂ ಹೇಳಲಿಲ್ಲ. ತಿಂಗಳ ಕೊನೆಯಲ್ಲಿ ಕಾರನ್ನು ಲಾರಿಗೆ ಏರಿಸಿ ಕಂಪ್ಲಿಯ ಹೊಲದಲ್ಲಿರುವ ಟ್ರ್ಯಾಕ್ಟರ್ ಶೆಡ್ಡಿಗೆ ಸಾಗಿಸಿದರು. ರಸ್ತೆಗೆ ಇಳಿಸುವ ಹಾಗಿಲ್ಲ, ಶೆಡ್ಡಿನಿಂದ ಕಣದವರೆಗೆ ಓಡಬಹುದು ಅಷ್ಟೆ. ಚಾಚಾ ಮೂರು ಭಾನುವಾರ ಬಸ್ಸಿನಲ್ಲಿ ಬಂದರು. ಟ್ಯಾಂಕು ತೊಳೆದರು, ಇಂಜೆಕ್ಟರುಗಳನ್ನು ಬಿಚ್ಚಿ ಶುದ್ಧ ಮಾಡಿದರು, ಟ್ರ್ಯಾಕ್ಟರಿನ ಬ್ಯಾಟರಿ ಕೊಟ್ಟರು. ಬಣ್ಣ ಮುಟ್ಟಲಿಲ್ಲ. ತುಕ್ಕು ಹರಡದಂತೆ ಎಣ್ಣೆ ಬಳಿದರು. ಮೂರನೆಯ ಭಾನುವಾರ ಕಪ್ಪು ಹೊಗೆ ಕಾರಿ ಎಂಜಿನ್ ಎದ್ದಿತು, ಬಾಗಿಲುಗಳು ನಡುಗಿದವು, ತೆರೆದುಕೊಳ್ಳಲಿಲ್ಲ.

ಟಿಪ್ಪಣಿಯನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡುವ ಮೊದಲು ಚಾಚಾಗೆ ಓದಿದೆ. ನೋಂದಣಿ ಪುಸ್ತಕದಲ್ಲಿ ಕಂಡಂತೆ ಡೀಸೆಲ್ ಆದದ್ದು 1976 ಎಂದು ಬರೆದಿದ್ದೆ.

‘ಪುಸ್ತಕದಾಗ ಸಾಹೇಬ್ರು ಬರೆದದ್ದು ಆಮ್ಯಾಲೆ. ನಾನು ಕೂಡಿಸಿದ್ದು ಎಮರ್ಜೆನ್ಸಿ ಬರೋಕಿಂತ ಮೊದಲು, ಆ ಬ್ಯಾಸಿಗ್ಯಾಗ. ನನ್ನ ಶಾದಿ ಆಗಿ ಎರಡು ತಿಂಗಳಾಗಿತ್ತು.’

1976 ಹೊಡೆದು ಹಾಕಿ 1975 ಎಂದು ಬರೆದೆ.

‘ಲೇತಿನವನ ಹೆಸರೂ ಹಾಕಮ್ಮ. ನಾಲ್ಕು ಸಲ ಮಾಡಿಕೊಟ್ಟ, ರೊಕ್ಕ ಒಂದಕ್ಕೇ ತಗೊಂಡ.’

ಪುಟದಲ್ಲಿ ಜಾಗ ಇರಲಿಲ್ಲ. ಅಂಚಿನಲ್ಲಿ, ಕಾಗದವನ್ನು ಅಡ್ಡಲಾಗಿ ತಿರುಗಿಸಿ, ಅವನ ಹೆಸರನ್ನೂ ಸೇರಿಸಿದೆ.